ಅಬ್ಬಾ ಗುಂಪಿನ ಒಂಟಿ ದನಿಯ ಹಾಡು

ಸ್ವೀಡನ್ನಿನ ಪಾಪ್ ಸಂಗೀತದ ಅಬ್ಬಾ ಗುಂಪೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ‘ಡ್ಯಾನ್ಸಿಂಗ್ ಕ್ವೀನ್’ ಅಥವಾ ‘ಮಮ್ಮಾ ಮಿಯಾ’. 1992ರಲ್ಲಿ ಬಂದ ‘ಅಬ್ಬಾ ಗೋಲ್ಡ್’ ಸಂಕಲನದ 19 ಹಾಡುಗಳಾಚೆಗೆ ಹೋಗದೆಯೇ ಈ ಗುಂಪನ್ನು ಪೂರ್ತಿ ಕೇಳಿದ್ದೇವೆಂದು ತೃಪ್ತಿಪಡುವವರು ಬಹಳ. ಆ ಸಂಕಲನದಲ್ಲಿ ಜಾಗ ಪಡೆಯದ ‘ಲೈಕ್ ಆ್ಯನ್ ಏಂಜೆಲ್ ಪಾಸಿಂಗ್ ಥ್ರೂ ಮೈ ರೂಮ್’ ಎಂಬ ಹಾಡು ಅವರ ಅತ್ಯಂತ ಧೈರ್ಯದ ಕೆಲಸಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ.

1981ರ ನವೆಂಬರ್‌ನಲ್ಲಿ ಬಿಡುಗಡೆಯಾದ ‘ದಿ ವಿಸಿಟರ್ಸ್’ ಆಲ್ಬಮಿನ ಕೊನೆಯ ಹಾಡಿದು. ಮುಸ್ಸಂಜೆಯ ಹೊತ್ತು, ಆರುತ್ತಿರುವ ಬೆಂಕಿಯ ಪಕ್ಕ ಒಬ್ಬಳೇ ಕುಳಿತ ಹೆಣ್ಣೊಬ್ಬಳನ್ನು ಹಳೆಯ ಪ್ರೀತಿಯ ನೆನಪು ಹಾದುಹೋಗುತ್ತದೆ. ಸಾಹಿತ್ಯದಲ್ಲಿ ಇರುವುದು ಇಷ್ಟೇ. ದೇವತೆ, ನೆರಳು, ಕೆಂಡ ಇವೆಲ್ಲ ಸವೆದ ಪ್ರತಿಮೆಗಳೆಂದು ಯಾರಾದರೂ ಹೇಳಿದರೆ ನಾನು ವಾದಕ್ಕಿಳಿಯುವುದಿಲ್ಲ. ಹಾಡಿನ ಶಕ್ತಿ ಬೇರೆಡೆ ಇದೆ.

ಅಬ್ಬಾದ ನಾದವೆಂದರೆ ಮೂಲತಃ ಪದರಗಳ ನಾದ. ಗುಂಪಿನ ಇಬ್ಬರು ಗಾಯಕಿಯರಾದ ಅಗ್ನೆಥಾ ಮತ್ತು ಫ್ರೀಡಾ ಅವರ ಕಂಠಗಳು ಒಂದಕ್ಕೊಂದು ಬೆಸೆದುಕೊಂಡು ಮೂರನೆಯದೊಂದು ಕಂಠವೇ ಹುಟ್ಟಿದಂತೆ ಕೇಳುತ್ತಿದ್ದವು. ಧ್ವನಿಮುದ್ರಣದ ಹೊಣೆ ಹೊತ್ತಿದ್ದ ಮೈಕೆಲ್ ಟ್ರೆಟೊವ್ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸಿ, ಅದೇ ಭಾಗವನ್ನು ಮತ್ತೊಮ್ಮೆ ಮುದ್ರಿಸಿ ಸೇರಿಸುವ ಮೂಲಕ ಆ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದರು. ಈ ಹಾಡಿನಲ್ಲಿ ಅದಾವುದೂ ಇಲ್ಲ. ಫ್ರೀಡಾ ಒಬ್ಬರೇ ಹಾಡುತ್ತಾರೆ, ಹಿಂದೆ ಸಹಗಾಯನವಿಲ್ಲ, ಡ್ರಮ್ಸ್ ಇಲ್ಲ. ಸಿಂಥಸೈಜರಿನ ತೆಳುವಾದ ಸ್ವರಗಳ ಕೆಳಗೆ ಗಡಿಯಾರದ ಟಿಕ್ ಟಿಕ್ ಮಾತ್ರ ನಡೆದಿರುತ್ತದೆ. ನಾವು ಕಾಯುವ ಆ ಎರಡನೆಯ ಕಂಠ ಕೊನೆಯವರೆಗೂ ಬರುವುದಿಲ್ಲ, ಮತ್ತು ಅದು ಬಾರದಿರುವುದರಿಂದಲೇ ಆ ಹೆಣ್ಣಿನ ಒಂಟಿತನ ಪದಗಳ ಹಂಗಿಲ್ಲದೆ ನಮ್ಮನ್ನು ಮುಟ್ಟುತ್ತದೆ.

ಈ ರೂಪ ಒಮ್ಮೆಲೇ ಒದಗಿದ್ದಲ್ಲ. ಆಲ್ಬಮಿನ 2012ರ ವಿಶೇಷ ಆವೃತ್ತಿಯಲ್ಲಿ ಸೇರಿಸಿದ ಕರಡು ಧ್ವನಿಮುದ್ರಣಗಳನ್ನು ಕೇಳಿದರೆ, ಗುಂಪಿನ ಹಾಡುಗಳನ್ನು ರಚಿಸುತ್ತಿದ್ದ ಬೆನ್ನಿ ಮತ್ತು ಬ್ಯೋರ್ನ್ ಇದೇ ರಾಗಕ್ಕೆ ಬೇರೆ ಬೇರೆ ಸಾಹಿತ್ಯ ಹಾಗೂ ಲಯಗಳನ್ನು ಹೊಂದಿಸಿ ನೋಡಿದ್ದು, ನಡುವೆ ಡಿಸ್ಕೋ ತಾಳವನ್ನೂ ಪ್ರಯತ್ನಿಸಿದ್ದು ಗೊತ್ತಾಗುತ್ತದೆ. ಕುಣಿಸುವುದರಲ್ಲೇ ಹೆಸರಾದ ಗುಂಪು ಕುಣಿತದ ಆವೃತ್ತಿಯನ್ನು ಕೈಬಿಟ್ಟಿತಲ್ಲ, ಆ ವಿವೇಚನೆಗೆ ನಾನು ತಲೆಬಾಗುತ್ತೇನೆ.

ದಂಪತಿಗಳಾಗಿದ್ದ ಫ್ರೀಡಾ ಮತ್ತು ಬೆನ್ನಿ ಬೇರೆಯಾಗುತ್ತಿರುವ ಸುದ್ದಿ 1981ರ ಫೆಬ್ರುವರಿಯಲ್ಲಿ ಹೊರಬಿದ್ದಿದ್ದರಿಂದ ಇದನ್ನು ವಿಚ್ಛೇದನದ ಹಾಡೆಂದು ಕರೆದು ಕೈತೊಳೆದುಕೊಳ್ಳುವವರಿದ್ದಾರೆ. ಆ ಓದು ನನಗೆ ಒಪ್ಪಿಗೆಯಿಲ್ಲ. ಸಾಹಿತ್ಯ ಬ್ಯೋರ್ನ್ ಅವರದು. ಅದರಲ್ಲಿ ದೂರಿಲ್ಲ, ಜಗಳವಿಲ್ಲ, ಎಲ್ಲವೂ ಎಂದೋ ಮುಗಿದ ಮೇಲಿನ ನೋಟವಿದೆ. ಫ್ರೀಡಾ ಕೂಡ ಎಲ್ಲಿಯೂ ಕಂಠ ನಡುಗಿಸದೆ, ಕಣ್ಣೀರಿಗೆ ಆಹ್ವಾನ ಕೊಡದೆ ಹಾಡಿದ್ದಾರೆ.

2021ರಲ್ಲಿ ‘ವಾಯೇಜ್’ ಎಂಬ ಹೊಸ ಆಲ್ಬಮ್ ಬರುವವರೆಗೆ, ಅಂದರೆ 40 ವರ್ಷಗಳ ಕಾಲ, ಅಬ್ಬಾದ ಕೊನೆಯ ಆಲ್ಬಮಿನ ಕೊನೆಯ ಹಾಡು ಇದೇ ಆಗಿತ್ತು. ನಂತರದ ಸಿ.ಡಿ. ಆವೃತ್ತಿಗಳು ಇದರ ಬೆನ್ನಿಗೇ ಹೆಚ್ಚುವರಿ ಹಾಡುಗಳನ್ನು ಅಂಟಿಸಿ ಆ ಮುಕ್ತಾಯವನ್ನು ಕೆಡಿಸಿವೆ (ಹಾಡುಗಳು ಒಳ್ಳೆಯವೇ, ಜಾಗ ಮಾತ್ರ ತಪ್ಪು). ಕೇಳುವ ಮನಸ್ಸಿದ್ದವರು ‘ದಿ ವಿಸಿಟರ್ಸ್’ನಲ್ಲಿ ಇದರ ಹಿಂದಿನ ಹಾಡಾದ, ಮಗಳನ್ನು ಶಾಲೆಗೆ ಕಳುಹಿಸುವ ತಾಯಿಯ ಅಳಲಾದ ‘ಸ್ಲಿಪ್ಪಿಂಗ್ ಥ್ರೂ ಮೈ ಫಿಂಗರ್ಸ್’ ಹಾಡಿನಿಂದ ಆರಂಭಿಸಿ, ಅಗ್ನೆಥಾ ಮುಗಿಸಿದಲ್ಲಿಂದ ಫ್ರೀಡಾ ಶುರುಮಾಡುವುದನ್ನು ಕೇಳಿ, ಒಂಬತ್ತನೆಯ ಹಾಡಿಗೆ ಪ್ಲೇಯರ್ ನಿಲ್ಲಿಸಿಬಿಡಿ.