ಕರೆ ಬರುವ ತನಕ

ಮಗಳ ಶಾಲೆಯವರು ಅಪ್ಪ ಅಮ್ಮಂದಿರನ್ನೆಲ್ಲ ಮರೈಗೆ ಕರೆದುಕೊಂಡು ಹೋದ ದಿನ ನಾವು ಬಾಗಿಲ ಹೊರಗೆ ಇಪ್ಪತ್ತು ನಿಮಿಷ ನಿಂತಿದ್ದೆವು. ಮರೈ ಎಂದರೆ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಕುಲದವರ ಅಂಗಳ ಮತ್ತು ಸಭೆಯ ಮನೆ. ಬಾಗಿಲು ತೆರೆದೇ ಇತ್ತು. ಒಳಗಿನ ಹುಲ್ಲಿನಂಗಳ, ಕೆಂಪು ಕೆತ್ತನೆಯ ಕಂಬಗಳು, ಅಡುಗೆಮನೆಯಿಂದ ಏಳುವ ಹಬೆ, ಎಲ್ಲ ಕಾಣುತ್ತಿತ್ತು. ಯಾರೂ ಒಳಗೆ ಕಾಲಿಡಲಿಲ್ಲ. ಕಡೆಗೆ ಒಳಗಿನಿಂದ ವಯಸ್ಸಾದ ಹೆಂಗಸೊಬ್ಬರು ಗಂಟಲೆತ್ತಿ ಉದ್ದಕ್ಕೆ ಕರೆದರು. ನಮ್ಮ ಗುಂಪಿನಲ್ಲಿದ್ದ ಮಾವೋರಿ ಟೀಚರ್ ಅದೇ ಧಾಟಿಯಲ್ಲಿ ಓಗೊಟ್ಟರು. ಆಮೇಲೆ ಹೆಂಗಸರು ಮುಂದೆ, ಗಂಡಸರು ಹಿಂದೆ, ಸಾವಕಾಶವಾಗಿ ನಡೆದು ಒಳಗೆ ಹೋದೆವು. ಸಭೆಯ ಮನೆಯ ಹೊಸ್ತಿಲಲ್ಲಿ ಎಲ್ಲರೂ ಚಪ್ಪಲಿ, ಬೂಟು ಬಿಟ್ಟೆವು. ಆ ಕೂಗಿಗೆ ಅವರು ಕರಂಗ ಎನ್ನುತ್ತಾರೆ. ನಮ್ಮ ‘ಕರೆ’ಗೂ ಅದಕ್ಕೂ ನಂಟೇನೂ ಇಲ್ಲ, ಆದರೆ ಮೊದಲ ಸಲ ಆ ಪದ ಕಿವಿಗೆ ಬಿದ್ದಾಗ ನನ್ನ ಮೈ ಜುಮ್ಮೆಂದಿತು.

ನಾನು ಮಲೆನಾಡಿನ ಸಾಗರದ ಕಡೆಯವನು. ನಮ್ಮಲ್ಲಿ ಮನೆಗೆ ಬರುವವರು ಉಣುಗೋಲಿನ ಹತ್ತಿರವೇ ನಿಂತು ಒಂದು ಸಲ ಕೆಮ್ಮುತ್ತಾರೆ. ಜಗಲಿಗೆ ಬಂದ ಮೇಲೆ ಕಾಲಿಗೆ ನೀರು, ಬಾಯಿಗೆ ಬೆಲ್ಲ. ಆಮೇಲೆ ‘ಆಸರಿಗೆ ಏನು ಬೇಕು?’ ಎಂಬ ಮಾತು. ಅದೂ ಮುಗಿದ ಮೇಲೇ ‘ಯಾವ ಕಡೆಯವರಾಯಿತು?’ ಎಂದು ಕೇಳುವುದು. ಇದನ್ನೆಲ್ಲ ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಬಂದವನ ಮನಸ್ಸಿನಲ್ಲಿ ಏನಿದೆಯೆಂದು ಇದ್ದವನಿಗೆ ತಿಳಿಯಲಿಕ್ಕೆ ಅಷ್ಟು ಹೊತ್ತು ಬೇಕು. ಮಾವೋರಿಗಳೂ ಅದನ್ನೇ ಮಾಡುತ್ತಾರೆ, ಇನ್ನೂ ಕಟ್ಟುನಿಟ್ಟಾಗಿ. ಹದಿನಾಲ್ಕು ವರ್ಷ ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿದ್ದು ಈ ದೇಶದ ಚರಿತ್ರೆ ಓದುತ್ತ ಬಂದಿರುವ ನನಗೆ, ಇಲ್ಲಿನ ಅನರ್ಥಗಳೆಲ್ಲ ಶುರುವಾದದ್ದು ಬಾಗಿಲಲ್ಲಿ ಆ ಇಪ್ಪತ್ತು ನಿಮಿಷ ನಿಲ್ಲದೇ ಹೋದದ್ದರಿಂದಲೇ ಅನ್ನಿಸುತ್ತದೆ.

ಯುರೋಪಿನವರು ಈ ದ್ವೀಪಗಳ ಜನರನ್ನು ಮೊದಲು ಎದುರಾದದ್ದು 1642ರ ಡಿಸೆಂಬರಿನಲ್ಲಿ. ಡಚ್ಚರ ಆಬೆಲ್ ಟಾಸ್ಮನ್ ಎರಡು ಹಡಗುಗಳೊಂದಿಗೆ ದಕ್ಷಿಣ ದ್ವೀಪದ ಉತ್ತರ ತುದಿಯ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿದ. ಕತ್ತಲಾಗುವ ಹೊತ್ತಿಗೆ ಎರಡು ದೋಣಿಗಳಲ್ಲಿ ಮಾವೋರಿಗಳು ಹತ್ತಿರ ಬಂದು ಕೂಗಿದರು, ಕಹಳೆಯಂಥ ವಾದ್ಯ ಊದಿದರು. ಡಚ್ಚರು ಅದನ್ನು ಸ್ವಾಗತವೆಂದುಕೊಂಡು ತಮ್ಮ ತುತ್ತೂರಿ ತೆಗೆದು ತಿರುಗಿ ಊದಿದರು. ಅದು ‘ನೀವು ಯಾರು, ಕಾದಾಡಲು ಬಂದವರೋ’ ಎಂಬ ಸವಾಲು ಆಗಿದ್ದಿರಬೇಕು, ಡಚ್ಚರ ತುತ್ತೂರಿ ಅದಕ್ಕೆ ‘ಹೌದು’ ಎಂದಂತಾಗಿರಬೇಕು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಮರುದಿನ ಎರಡು ಹಡಗುಗಳ ನಡುವೆ ಓಡಾಡುತ್ತಿದ್ದ ಚಿಕ್ಕ ದೋಣಿಗೆ ಮಾವೋರಿ ದೋಣಿಯೊಂದು ಗುದ್ದಿತು. ಟಾಸ್ಮನ್ನನ ನಾಲ್ವರು ಸತ್ತರು. ಅವನು ನೆಲಕ್ಕೆ ಕಾಲಿಡದೆಯೇ ಹೊರಟುಹೋದ. ಹೋಗುವಾಗ ಆ ಜಾಗಕ್ಕೆ ಕೊಲೆಗಾರರ ಕೊಲ್ಲಿ ಎಂದು ಹೆಸರಿಟ್ಟ. ಅಲ್ಲಿದ್ದವರು ಅದನ್ನು ಮೊಹುವಾ ಎನ್ನುತ್ತಿದ್ದರು.

ಅದಾದ ಮೇಲೆ 127 ವರ್ಷ ಯಾವ ಯುರೋಪಿನ ಹಡಗೂ ಬಂದ ದಾಖಲೆಯಿಲ್ಲ. 1769ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ ಬಂದ. ಅವನ ಹತ್ತಿರ ಟಾಸ್ಮನ್ನನಿಗೆ ಇಲ್ಲದ ಒಂದು ಅನುಕೂಲವಿತ್ತು: ತುಪಾಯ. ತಾಹಿತಿಯ ಕಡೆಯ ರಾಯಾಟೆಯ ದ್ವೀಪದ ಪುರೋಹಿತ, ನಕ್ಷತ್ರ ನೋಡಿ ಸಮುದ್ರ ದಾಟಬಲ್ಲವನು. ಅವನಾಡುವ ಮಾತು ಮಾವೋರಿಗಳಿಗೆ ತಿಳಿಯುತ್ತಿತ್ತು. ಆದರೆ ಮೊದಲ ದಿನ ಕುಕ್ ದಡಕ್ಕಿಳಿದಾಗ ತುಪಾಯ ಜೊತೆಗಿರಲಿಲ್ಲ. ದೋಣಿ ಕಾಯುತ್ತಿದ್ದ ಹುಡುಗರ ಕಡೆ ನಾಲ್ವರು ಮಾವೋರಿಗಳು ಬಂದರು, ಗುಂಡು ಹಾರಿತು, ತೆ ಮಾರೋ ಎಂಬುವನು ಬಿದ್ದ. ಮರುದಿನ ತುಪಾಯ ಮಾತಾಡಿದ. ನದಿಯ ನಡುವಿನ ಬಂಡೆಯ ಮೇಲೆ ಮಾವೋರಿಯೊಬ್ಬನೂ ಕುಕ್ಕನೂ ಮೂಗಿಗೆ ಮೂಗು ತಾಗಿಸಿ ವಂದಿಸಿಕೊಂಡರು. ಅದಾದ ಸ್ವಲ್ಪ ಹೊತ್ತಿಗೇ ಒಂದು ಕತ್ತಿಯ ವಿಷಯಕ್ಕೆ ಜಗಳ ಹತ್ತಿ ತೆ ರಾಕೌ ಎಂಬುವನಿಗೆ ಗುಂಡು ಬಿತ್ತು. ಮಧ್ಯಾಹ್ನ ಮೀನು ಹಿಡಿದು ಬರುತ್ತಿದ್ದ ದೋಣಿಯೊಂದರ ಮೇಲೂ ಗುಂಡು ಹಾರಿಸಿದರು. ಹಡಗಿನಲ್ಲಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ತನ್ನ ಬದುಕಿನಲ್ಲಿ ಇಷ್ಟು ಕೆಟ್ಟ ದಿನ ಕಂಡಿಲ್ಲವೆಂದು ಬರೆದಿಟ್ಟ. ಬೇಕಾದದ್ದು ಏನೂ ಸಿಗಲಿಲ್ಲವೆಂದು ಕುಕ್ ಆ ಜಾಗಕ್ಕೆ ಬಡತನದ ಕೊಲ್ಲಿ ಎಂದು ಹೆಸರಿಟ್ಟ. ಮೂಗು ತಾಗಿಸಿದ ಆ ಬಂಡೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಬಂದರು ಕಟ್ಟುವಾಗ ಸಿಡಿಸಿಬಿಟ್ಟರು. ಆ ಕೊಲ್ಲಿಯ ತೂರಂಗನುಯಿ ಆ ಕಿವಾ ಎಂಬ ಹಳೆಯ ಹೆಸರು ಸರ್ಕಾರಿ ನಕಾಶೆಗೆ ಜೋಡಿ ಹೆಸರಾಗಿ ಬಂದದ್ದು 2019ರಲ್ಲಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಘಟನೆಯಲ್ಲಿ ಒಂದು ಹನಿ ರಕ್ತವೂ ಇಲ್ಲ. ಕುಕ್ ಹೊರಡುವಾಗ ಇಂಗ್ಲೆಂಡಿನ ನೌಕಾಖಾತೆ ಕೊಟ್ಟ ಗುಟ್ಟಿನ ಆದೇಶದಲ್ಲಿ ಅಲ್ಲಿನ ಜನರ ಒಪ್ಪಿಗೆ ಪಡೆದು ನೆಲವನ್ನು ರಾಜನ ಹೆಸರಿಗೆ ಮಾಡಿಕೊಳ್ಳಬೇಕೆಂದು ಬರೆದಿತ್ತು. ಒಪ್ಪಿಗೆ ಪಡೆದು! 1770ರ ಜನವರಿ ಕೊನೆಗೆ ಅವನು ಮೋಟುವಾರಾ ಎಂಬ ಪುಟ್ಟ ದ್ವೀಪದಲ್ಲಿ ಒಂದು ಕಂಬ ನೆಡಲು ಹೋದ. ಅಲ್ಲಿದ್ದ ಮುದುಕನೊಬ್ಬನಿಗೆ, ಮುಂದೆ ಬರುವ ಹಡಗುಗಳಿಗೆ ನಾವು ಬಂದಿದ್ದೆವೆಂದು ತಿಳಿಯಲಿ ಅಂತ ಗುರುತಿನ ಕಂಬ ನೆಡುತ್ತೇವೆ ಎಂದ. ಮುದುಕ ಖುಷಿಯಿಂದ ಒಪ್ಪಿದ, ಕೀಳುವುದಿಲ್ಲವೆಂದು ಮಾತೂ ಕೊಟ್ಟ. ಕುಕ್ ಅವನ ಕೈಗೆ 1736ನೇ ಇಸವಿಯ ಬೆಳ್ಳಿಯ ಮೂರು ಪೆನ್ನಿ ನಾಣ್ಯ, ದೊಡ್ಡ ಮೊಳೆಗಳು ಕೊಟ್ಟ. ಕಂಬದ ಮೇಲೆ ಬಾವುಟ ಏರಿಸಿ ಕೊಲ್ಲಿಯನ್ನೂ ಸುತ್ತಲ ನೆಲವನ್ನೂ ರಾಜನ ಹೆಸರಿಗೆ ಘೋಷಿಸಿ ರಾಣಿಯ ಆರೋಗ್ಯಕ್ಕೆಂದು ವೈನ್ ಕುಡಿದ. ಖಾಲಿ ಬಾಟಲಿಯನ್ನು ಮುದುಕನಿಗೇ ಕೊಟ್ಟ, ಅವನಿಗೆ ಬಲು ಸಂತೋಷವಾಯಿತಂತೆ. ಇದೆಲ್ಲ ಕುಕ್ಕನೇ ದಿನಚರಿಯಲ್ಲಿ ಬರೆದದ್ದು. ಮುದುಕ ಒಪ್ಪಿದ್ದು ಒಂದು ಕಂಬಕ್ಕೆ. ಕಾಗದದ ಮೇಲೆ ಹೋದದ್ದು ನೆಲ.

ಎಪ್ಪತ್ತು ವರ್ಷದ ನಂತರ ಅದೇ ಕತೆ ದೊಡ್ಡದಾಗಿ ನಡೆಯಿತು. 1840ರ ಫೆಬ್ರವರಿ 6ರಂದು ವೈಟಾಂಗಿಯಲ್ಲಿ ಬ್ರಿಟಿಷರಿಗೂ ಮಾವೋರಿ ಮುಖಂಡರಿಗೂ ಒಪ್ಪಂದವಾಯಿತು. ಇಂಗ್ಲಿಷ್ ಕರಡನ್ನು ಪಾದ್ರಿ ಹೆನ್ರಿ ವಿಲಿಯಮ್ಸ್ ಮತ್ತು ಅವರ ಮಗ ಒಂದೇ ರಾತ್ರಿಯಲ್ಲಿ ಮಾವೋರಿಗೆ ತಿರುಗಿಸಿದರು. ಇಂಗ್ಲಿಷಿನಲ್ಲಿ ಸಾರ್ವಭೌಮತ್ವ ರಾಣಿಗೆ ಎಂದಿದೆ. ಮಾವೋರಿಯಲ್ಲಿ ಆ ಜಾಗಕ್ಕೆ ‘ಕಾವನತಂಗ’ ಎಂದು ಹಾಕಿದರು. ಗವರ್ನರ್ ಎಂಬುದು ಮಾವೋರಿ ನಾಲಿಗೆಯಲ್ಲಿ ‘ಕಾವನ’ ಆಗಿ, ಅದರಿಂದ ಹುಟ್ಟಿಸಿದ ಪದ. ಗವರ್ನರಿಕೆ ಅನ್ನೋಣ. ಅದರ ಮುಂದಿನ ಕಲಮಿನಲ್ಲೇ ನೆಲ, ಹಳ್ಳಿ, ಬೆಲೆಬಾಳುವುದೆಲ್ಲದರ ಮೇಲಿನ ಒಡೆತನ ಮುಖಂಡರಲ್ಲೇ ಉಳಿಯುತ್ತದೆ ಎಂದಿದೆ. ಐನೂರಕ್ಕೂ ಹೆಚ್ಚು ಮುಖಂಡರು ರುಜು ಹಾಕಿದರು, ಹೆಚ್ಚುಕಡಿಮೆ ಎಲ್ಲರೂ ಮಾವೋರಿ ಪ್ರತಿಗೆ. ಕನ್ನಡದಲ್ಲಿ ಹೇಳಿದ್ದನ್ನು ನಂಬಿ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ನಾವು. ಆ ವ್ಯತ್ಯಾಸದ ಬೆಲೆ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ನಾನಿರುವ ವೈಕಾಟೊ ಸೀಮೆಯಲ್ಲಿ 1850ರ ದಶಕದಲ್ಲಿ ಮಾವೋರಿಗಳು ಗೋಧಿ ಬೆಳೆದು, ನೀರಿನ ಗಿರಣಿ ಕಟ್ಟಿ, ಆಕ್ಲೆಂಡ್ ಪಟ್ಟಣಕ್ಕೆ ಹಿಟ್ಟು ಮಾರುತ್ತಿದ್ದರು. 1863ರ ಜುಲೈ 12ರಂದು ಬ್ರಿಟಿಷ್ ಸೈನ್ಯ ಮಂಗಾತಾಫಿರಿ ಹೊಳೆ ದಾಟಿ ಒಳನುಗ್ಗಿತು. ಭಾರತದಲ್ಲಿದ್ದ 43ನೇ ರೆಜಿಮೆಂಟನ್ನೂ ಅದೇ ವರ್ಷ ಇಲ್ಲಿಗೆ ಕರೆಸಿಕೊಂಡರು. ಯುದ್ಧ ಮುಗಿದ ಮೇಲೆ ವೈಕಾಟೊದಲ್ಲಿ ಸುಮಾರು 12 ಲಕ್ಷ ಎಕರೆ ಮುಟ್ಟುಗೋಲಾಯಿತು. ಸೈನಿಕರಿಗೆ ತಲೆಗೆ ಊರಲ್ಲಿ ಒಂದು ಎಕರೆ, ಹೊರಗೆ 50 ಎಕರೆ ಹಂಚಿದರು. ಕಿರಿಕಿರಿರೋವಾ ಎಂಬ ಊರು ಹ್ಯಾಮಿಲ್ಟನ್ ಆಯಿತು. ಆ ಹೆಸರಿನ ನೌಕಾಪಡೆಯ ಕ್ಯಾಪ್ಟನ್ ಈ ಊರಿಗೆ ಬಂದವನೇ ಅಲ್ಲ, 1864ರಲ್ಲಿ ತೌರಂಗದ ಗೇಟ್ ಪಾ ಕಾಳಗದಲ್ಲಿ ಸತ್ತವನು. ಯುದ್ಧ ಹೂಡಿದ ಗವರ್ನರ್ ಜಾರ್ಜ್ ಗ್ರೇ ಹೆಸರಿನ ರಸ್ತೆಯಲ್ಲಿ ನಾನು ವಾರಕ್ಕೆರಡು ಸಲ ನಡೆಯುತ್ತೇನೆ.

ನಮ್ಮವರ ಊಟದ ಕೂಟಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. ‘ಇದೆಲ್ಲ ಅವರ ಅವರ ನಡುವಿನ ಹಳೇ ಜಗಳ ಕಣ್ರೀ. ನಾವು ದುಡೀತೀವಿ, ತೆರಿಗೆ ಕಟ್ತೀವಿ. ನಮಗ್ಯಾಕೆ?’ 2024ರಲ್ಲಿ ಒಪ್ಪಂದದ ತತ್ವಗಳನ್ನು ಹೊಸದಾಗಿ ವ್ಯಾಖ್ಯಾನಿಸುವ ಮಸೂದೆ ಬಂದು, ನವೆಂಬರಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಸಂಸತ್ತಿನ ಮುಂದೆ ಸೇರಿದಾಗ ಈ ಮಾತು ಇನ್ನೂ ಜೋರಾಯಿತು. ಮುಂದಿನ ಏಪ್ರಿಲ್‌ನಲ್ಲಿ ಆ ಮಸೂದೆ 112-11 ಮತಗಳಿಂದ ಬಿದ್ದುಹೋಯಿತು. ನಮ್ಮವರ ಪ್ರಶ್ನೆ ಮಾತ್ರ ಹಾಗೇ ಇದೆ.

ನನ್ನ ಉತ್ತರ ಇಷ್ಟೆ. ನನ್ನ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆ ಒತ್ತುವ ಅಧಿಕಾರ ಈ ಸರ್ಕಾರಕ್ಕೆ ಬಂದದ್ದೇ ಆ ಒಪ್ಪಂದದಿಂದ. ಆ ಕಾಗದಕ್ಕೆ ಬೆಲೆಯಿಲ್ಲವಾದರೆ ನನ್ನ ಮುದ್ರೆಗೂ ಬೆಲೆಯಿಲ್ಲ. ಬಾಗಿಲು ತೆಗೆದವರು ಒಬ್ಬರು, ಮನೆಯವರು ಇನ್ನೊಬ್ಬರು ಎಂದು ಗೊತ್ತಾದ ಮೇಲೂ ನಮಗ್ಯಾಕೆ ಎನ್ನುವುದು ನಮ್ಮ ಮನೆಗಳಲ್ಲಿ ಕಲಿತ ನಡತೆಯಲ್ಲ. 1995ರಲ್ಲಿ ರಾಣಿ ಎಲಿಜಬೆತ್ ಖುದ್ದು ಬಂದು ವೈಕಾಟೊದವರಲ್ಲಿ ಕ್ಷಮೆ ಕೇಳುವ ಕಾಯ್ದೆಗೆ ಸಹಿ ಹಾಕಿದರು. ವಾಪಸಾದದ್ದು ಸುಮಾರು 40 ಸಾವಿರ ಎಕರೆ. ನಮ್ಮ ಹುಡುಗರು ಸಾಲ ಮಾಡಿ ಓದಲು ಬರುವ ವೈಕಾಟೊ ವಿಶ್ವವಿದ್ಯಾಲಯದ ನೆಲವೂ ಅದರಲ್ಲಿ ಸೇರಿದೆ. ವಿಶ್ವವಿದ್ಯಾಲಯ ಈಗ ಆ ಮಾವೋರಿಗಳಿಗೆ ಗೇಣಿ ಕೊಟ್ಟು ಕೂತಿದೆ. ಆ ಹುಡುಗರಿಗೆ ಇಷ್ಟನ್ನಾದರೂ ಹೇಳಿ ಬರಮಾಡಿಕೊಳ್ಳೋಣ ಎಂದು ನಾನು ಬೇಡುತ್ತೇನೆ.

ಮರೈಯಲ್ಲಿ ಗುರುತು ಹೇಳಿಕೊಳ್ಳುವ ಕ್ರಮ ನಮ್ಮದಕ್ಕಿಂತ ಒಂದು ಹೆಜ್ಜೆ ಮುಂದೆ. ನಾವು ಊರು, ಮನೆತನ ಹೇಳುತ್ತೇವೆ. ಅವರು ಮೊದಲು ಬೆಟ್ಟ, ಆಮೇಲೆ ನದಿ, ಪೂರ್ವಜರು ಬಂದ ದೋಣಿ, ಕುಲ ಎಲ್ಲ ಹೇಳಿ ಕಡೆಗೆ ತಮ್ಮ ಹೆಸರು ಹೇಳುತ್ತಾರೆ. ಕೆಲಸ, ಪದವಿ, ಸಂಬಳದ ಊರು ಯಾವುದೂ ಅಲ್ಲಿಲ್ಲ.

2018ರಲ್ಲಿ ಅಮ್ಮ ಬಂದಿದ್ದಾಗ ಇನ್ನೊಂದು ಸಲ ಅದೇ ಮರೈಗೆ ಹೋದೆವು. ಅಮ್ಮ ಕರೂರು ಸೀಮೆಯವಳು. ಅವಳ ತವರು 1964ರಲ್ಲಿ ಲಿಂಗನಮಕ್ಕಿ ಮುಳುಗಡೆಯಲ್ಲಿ ಹೋಯಿತು, ಆಗ ಅವಳಿಗೆ ಹನ್ನೆರಡು ವರ್ಷ. ಮುಳುಗಡೆಯನ್ನೂ ಮುಟ್ಟುಗೋಲನ್ನೂ ನಾನು ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಬಾಗಿಲ ಹೊರಗೆ ನಿಂತಾಗ ಯಾರೂ ಹೇಳದಿದ್ದರೂ ಅಮ್ಮ ಸೆರಗು ಹೊದ್ದುಕೊಂಡಳು. ಕರೆ ಬಂದಾಗ ಮೆಲ್ಲಗೆ ‘ಬಂದ್ವಮ್ಮಾ’ ಅಂದಳು. ಊಟದ ಹೊತ್ತಿಗೆ ಆ ಹಿರಿಯ ಹೆಂಗಸು ಅಮ್ಮನ ಪಕ್ಕ ಬಂದು ಕೂತು, ನಿಮ್ಮ ನದಿ ಯಾವುದೆಂದು ಕೇಳಿದರು. ನಾನು ತಿಳಿಸಿ ಹೇಳಿದೆ. ಶರಾವತಿ, ಅಂದಳು ಅಮ್ಮ. ಊರು ಅದರ ಕೆಳಗಿದೆ, ನೀರು ಇಳಿದ ಬೇಸಿಗೆಯಲ್ಲಿ ದೇವಸ್ಥಾನದ ಕಲ್ಲು ಕಾಣುತ್ತದೆ ಎಂದಳು. ಅವರು ಅಮ್ಮನ ಕೈ ಹಿಡಿದುಕೊಂಡು ಆ ಊರಿನ ಹೆಸರು ಕೇಳಿದರು. ಅಮ್ಮ ಹೇಳಿದಳು. ಅವರು ತಪ್ಪಿಲ್ಲದೆ ಬರುವ ತನಕ ಮೂರು ಸಲ ಅದನ್ನು ಅಮ್ಮನ ಬಾಯಿಂದಲೇ ಹೇಳಿಸಿಕೊಂಡು ಕಲಿತರು.