ಸೇವೆಯ ಬಿಲ್ಲಿಗೆ ಸರಕಿನ ಲೆಕ್ಕ

ಕಟ್ಟಡಗಳ ನಕ್ಷೆ, ಒಳಾಂಗಣ ವಿನ್ಯಾಸ ಮಾಡಿಕೊಡುವ ನಮ್ಮಂಥವರಿಗೆ ಬಿಲ್ಲಿಂಗ್ ತಂತ್ರಾಂಶದಲ್ಲಿ ತೆರಿಗೆ ಹೊಂದಿಸುವುದು ಇಂದಿಗೂ ತಲೆನೋವಾಗಿಯೇ ಉಳಿದಿದೆ. ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಆದರೂ ನಾನು ಬಳಸುವ ತಂತ್ರಾಂಶ ಸೇವೆಗೂ ದಾಸ್ತಾನು ಎಷ್ಟಿದೆ ಎಂದು ಕೇಳುತ್ತದೆ, ಸೇವೆಗಳನ್ನು ಗುರುತಿಸುವ, 99ರಿಂದ ಆರಂಭವಾಗುವ ಎಸ್‌ಎಸಿ ಸಂಖ್ಯೆಯನ್ನು ಸರಕುಗಳನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆಯ ಕಾಲಂನಲ್ಲೇ ತುಂಬಿಸಿಕೊಳ್ಳುತ್ತದೆ. ಅದನ್ನಾದರೂ ಸಹಿಸಬಹುದು. ಸಹಿಸಲಾಗದ ಸಂಗತಿಯೆಂದರೆ, ಗ್ರಾಹಕರ ವಿಳಾಸವೊಂದನ್ನೇ ನೋಡಿ ಅದು ತೆರಿಗೆಯ ಬಗೆಯನ್ನು ತೀರ್ಮಾನಿಸಿಬಿಡುತ್ತದೆ. ಸ್ಥಿರಾಸ್ತಿಗೆ ಸಂಬಂಧಿಸಿದ ಸೇವೆಯಲ್ಲಿ ಆಸ್ತಿ ಇರುವ ಸ್ಥಳವೇ ಪೂರೈಕೆಯ ಸ್ಥಳ (ತೆರಿಗೆಯ ಲೆಕ್ಕಕ್ಕೆ ಸೇವೆ ಸಂದ ಜಾಗ) ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಹುಬ್ಬಳ್ಳಿಯಲ್ಲಿ ನೋಂದಣಿ ಪಡೆದಿರುವ ನಾನು ಇಲ್ಲಿಯದೇ ಮನೆಯೊಂದಕ್ಕೆ ನಕ್ಷೆ ಮಾಡಿಕೊಟ್ಟಾಗ, ಮಾಲೀಕರು ಪುಣೆಯಲ್ಲಿದ್ದರೂ ಬಿಲ್ಲಿನಲ್ಲಿ ಕೇಂದ್ರದ ಪಾಲಾದ ಶೇ 9 ಸಿಜಿಎಸ್‌ಟಿ ಮತ್ತು ರಾಜ್ಯದ ಪಾಲಾದ ಶೇ 9 ಎಸ್‌ಜಿಎಸ್‌ಟಿ ಬರಬೇಕು; ತಂತ್ರಾಂಶ ಮಾತ್ರ ಅಂತರರಾಜ್ಯ ಪೂರೈಕೆಗೆ ಹಾಕುವ ಶೇ 18 ಐಜಿಎಸ್‌ಟಿ ಹಾಕುತ್ತದೆ. ಮೊತ್ತ ಒಂದೇ ಅಲ್ಲವೇ ಎಂದು ಸಹಾಯವಾಣಿಯವರು ಕೇಳುತ್ತಾರೆ. ಮೊತ್ತ ಒಂದೇ ಇರಬಹುದು, ಆದರೆ ತಪ್ಪು ಶೀರ್ಷಿಕೆಯಡಿ ಕಟ್ಟಿದ ಮೇಲೆ ಸರಿಯಾದ ತೆರಿಗೆಯನ್ನು ಕೈಯಿಂದ ಮತ್ತೊಮ್ಮೆ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ಮರುಪಾವತಿ ಅರ್ಜಿ ಹಾಕಿ ಕಾಯಬೇಕಾದವರು ನಾವು. ಪೂರೈಕೆಯ ಸ್ಥಳವನ್ನು ಪ್ರತಿ ಬಿಲ್ಲಿನಲ್ಲಿ ನಾವೇ ಆರಿಸುವಂತೆ ಒಂದು ಆಯ್ಕೆ ಕೊಡಿ ಎಂದು ಕೇಳಿ ಕೇಳಿ ನನಗೆ ಸಾಕಾಗಿದೆ.