ಕಾಡಿಗೂ ಬಂತು ಸ್ಪೀಕರ್

ಕುಮಾರ ಪರ್ವತ ಹತ್ತೋಕೆ ಬರೋರೇ, ಆ ಬ್ಲೂಟೂತ್ ಸ್ಪೀಕರನ್ನ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ಕೈಮುಗಿದು ಕೇಳ್ತೀನಿ.

ಸುಬ್ರಹ್ಮಣ್ಯದಿಂದ ಬೆಳಕು ಹರಿಯೋ ಹೊತ್ತಿಗೆ ಹೊರಟಿದ್ದೆ. ದಾರಿ ಮಧ್ಯೆ ಚಾರಣಿಗರು ಊಟಕ್ಕೆ ನಿಲ್ಲೋ ಭಟ್ಟರ ಮನೆವರೆಗಿನ ಕಾಡುದಾರಿ ಅಂದ್ರೆ ನನಗೆ ಜೀವ. ಬಂಡೆ ಮೇಲೆ ಕೂತು ಕಾಲುಚೀಲಕ್ಕೆ ಹತ್ತಿದ್ದ ಉಂಬಳ ಕೀಳ್ತಿದ್ದೆ. ಅಲ್ಲಿಂದ ಬಿಟ್ಟರೆ ಬೆರಳಿಗೆ ಅಂಟಿಕೊಳ್ಳುತ್ತೆ. ಅಷ್ಟರಲ್ಲಿ ಕೆಳಗಿನ ಹಳ್ಳದ ಕಡೆಯಿಂದ ಒಂದು ಹಕ್ಕಿ ಶುರು ಮಾಡ್ತು, ಥೇಟ್ ಸ್ಕೂಲಿಗೆ ಹೊರಟ ಹುಡುಗ ತನ್ನಷ್ಟಕ್ಕೆ ಸಿಳ್ಳೆ ಹಾಕಿದ ಹಾಗೆ. ಉಸಿರು ಬಿಗಿಹಿಡಿದು ಕೇಳ್ತಾ ಕೂತೆ. ಅರ್ಧ ನಿಮಿಷ ಇರಬಹುದು. ಹಿಂದಿನಿಂದ ಡಬ್ ಡಬ್ ಅಂತ ಸಿನಿಮಾ ಹಾಡು! ಬ್ಯಾಗಿಗೆ ನೇತುಹಾಕಿದ ಸ್ಪೀಕರ್, ಹತ್ತು ಜನ. ಹಕ್ಕಿ ಸುಮ್ಮನಾಯ್ತು.

ಇದು ಪುಷ್ಪಗಿರಿ ವನ್ಯಜೀವಿಧಾಮ, ಆನೆ ಓಡಾಡೋ ಜಾಗ. ಕೊಂಬೆ ಮುರಿದ ಸದ್ದು ಕಿವಿಗೆ ಬಿದ್ದರೆ ತಾನೇ ನಾವು ನಿಲ್ಲೋದು? ಕಾಡಲ್ಲಿ ಕಣ್ಣಿಗಿಂತ ಮೊದಲು ಕಿವಿ ಬೇಕು. ಹೇಳಿದ್ರೆ, "ಎಂಜಾಯ್ ಮಾಡೋಕೆ ಬಂದಿದೀವಿ ಸರ್" ಅಂದ್ರು.

1,712 ಮೀಟರಿನ ತುದಿವರೆಗೂ ಆ ಹಾಡು ಬೆನ್ನು ಬಿಡಲಿಲ್ಲ. ತುದಿಗೆ ಮುಂಚೆ ಸಿಗೋ ಶೇಷ ಪರ್ವತದಲ್ಲಿ ಗಾಳಿ ಜೋರಾದಾಗ ಮಾತ್ರ ಸ್ವಲ್ಪ ಹೊತ್ತು ಕೇಳಿಸಲಿಲ್ಲ.